ವಿಶ್ವವಿದ್ಯಾನಿಲಯವೂ ನಮ್ಮ ಹಳ್ಳಿಗಳೂ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಹಬ್ಬದಲ್ಲಿ ದೇವಾಲಯದ ಚರಿತ್ರೆಯನ್ನು ಹೇಳುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಚೆನ್ನಾಗಿ ಬಲ್ಲವರು ಬೆಳಗಿನ ಗೋಷ್ಠಿಯಲ್ಲಿ ನೆರವೇರಿಸಿದ್ದಾರೆ. ನಮಗೆ ವಹಿಸಿರುವ ವಿಷಯ ಬೇರೆ. ವಿಶ್ವವಿದ್ಯಾನಿಲಯಗಳಿಗೂ ಅಂಬಾಜಿದುರ್ಗದ ಸುತ್ತಿನ ಈ ಹಳ್ಳಿಗಳಿಗೂ ಇರುವ ಸಂಬಂಧವೇನು, ಇರಬೇಕಾದ ಸಂಬಂಧವೇನು ಎಂಬುದು ಅದು. ವಿಷಯ ಕೇಳಲು ದೊಡ್ಡದು. ಆದರೆ ನಾವು ಅದನ್ನು ಮೊದಲು ಅರಿತದ್ದು ನಮ್ಮ ಬೀದಿಯ ಒಂದು ಜಗುಲಿಯ ಮೇಲೆ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಮೂವತ್ತು ನಲವತ್ತು ವಿದ್ಯಾರ್ಥಿಗಳು ಬಸ್ಸಿನಲ್ಲಿ ಬಂದು ಇಲ್ಲಿ ಇಳಿದರು. ಕಾಲೇಜಿನ ಹೆಸರು ಬೇಡ. ಆ ಮಕ್ಕಳ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಕೈಯಲ್ಲಿ ಅಚ್ಚಾದ ಹಾಳೆಗಳು. ಮನೆಯಲ್ಲಿ ಎಷ್ಟು ಜನ, ಎಷ್ಟು ದನ, ಶೌಚಾಲಯ ಉಂಟೆ, ಕುಡಿಯುವ ನೀರು ಎಲ್ಲಿಂದ ಎಂದು ಕೇಳಿ ಕೇಳಿ ಬರೆದುಕೊಂಡರು. ನಮ್ಮವರು ಚಾಪೆ ಹಾಸಿ, ಎಳನೀರು ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಒಬ್ಬ ವೃದ್ಧೆ ಮಾತ್ರ ತಾನೇ ಒಂದು ಪ್ರಶ್ನೆ ಕೇಳಿದಳು. ಮೊಮ್ಮಗನನ್ನು ಹತ್ತಿರ ಕರೆದು, ಬಾಯಿ ತೆರೆಸಿ, ಹಲ್ಲಿನ ಮೇಲಿನ ಕಂದು ಪಟ್ಟೆಗಳನ್ನು ತೋರಿಸಿ, ಇದು ನೀರಿನಿಂದಲೇ, ಇಲ್ಲ ನಮ್ಮ ವಂಶದಲ್ಲೇ ಇದೆಯೇ ಎಂದು ವಿಚಾರಿಸಿದಳು. ವಿದ್ಯಾರ್ಥಿನಿ ಅದನ್ನೂ ಬರೆದುಕೊಂಡಳು. ಸಂಜೆ ಎಲ್ಲರೂ ಫೋಟೋ ತೆಗೆಸಿಕೊಂಡು ಬಸ್ಸು ಹತ್ತುವಾಗ ಆ ಅಜ್ಜಿ, "ಮಳ್ಳೀ ಎಪ್ಪುಡೊಸ್ತಾರು ನಾಯನಾ?" ಎಂದಳು. ಮತ್ತೆ ಯಾವಾಗ ಬರುತ್ತೀರಪ್ಪ ಎಂದು ಅರ್ಥ. ಬಸ್ಸಿನವರಿಗೆ ತೆಲುಗು ತಿಳಿಯಲಿಲ್ಲ. ಅವರು ನಗುತ್ತ ಕೈ ಬೀಸಿದರು. ಮತ್ತೆ ಬರಲಿಲ್ಲ. ಆ ಹಾಳೆಗಳು ಎಲ್ಲಿಗೆ ಹೋದುವೋ! ಯಾರಿಗಾದರೂ ಅಂಕಗಳು ಬಂದಿರಬೇಕು. ಅಜ್ಜಿ ಈಗಿಲ್ಲ, ಅವಳ ಪ್ರಶ್ನೆಗೆ ನಮ್ಮ ಸಭೆಯಲ್ಲಿಯೂ ಯಾರೊಬ್ಬರೂ ಉತ್ತರ ಹುಡುಕಲಿಲ್ಲ ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇವೆ.

ವಿಶ್ವವಿದ್ಯಾನಿಲಯವು ಹಳ್ಳಿಯ ಕಡೆಗೆ ಮುಖ ಮಾಡಬೇಕೆಂಬುದು ಹೊಸ ಉಪದೇಶವೇನಲ್ಲ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, ೧೯೧೬ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮುಂದೆ ೧೯೩೦ರ ದಶಕದಲ್ಲಿ ಅದೇ ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳನ್ನು ಆರಂಭಿಸಿತು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯದ ವಿಷಯಗಳನ್ನು ಕನ್ನಡದಲ್ಲಿ ಹೇಳಬೇಕಾಯಿತು. ಆ ಉಪನ್ಯಾಸಗಳೇ ಕಡಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚಾದುವು. ಕುವೆಂಪು ಅವರು ಉಪಕುಲಪತಿಗಳಾಗಿದ್ದ ೧೯೫೬ರಿಂದ ೧೯೬೦ರ ಅವಧಿಯಲ್ಲಿ ಈ ಕಾರ್ಯಕ್ಕೆ ಹೊಸ ಹುರುಪು ಬಂದಿತು. ೧೯೬೯ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, ರಾಷ್ಟ್ರೀಯ ಸೇವಾ ಯೋಜನೆಯು ೩೭ ವಿಶ್ವವಿದ್ಯಾನಿಲಯಗಳಲ್ಲಿ ಪ್ರಾರಂಭವಾಯಿತು. ೧೯೭೭ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಬೋಧನೆ, ಸಂಶೋಧನೆಗಳ ಜೊತೆಗೆ ವಿಸ್ತರಣೆಯನ್ನೂ ಸಮಾನವಾದ ಮೂರನೆಯ ಹೊಣೆಯೆಂದು ಸಾರಿತು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ನಮ್ಮ ಅಜ್ಜಿಯ ಪ್ರಶ್ನೆ ಕಾಗದದ ಮೇಲೆಯೇ ಉಳಿಯಿತು ಎಂಬುದೇ ನಮ್ಮ ದೂರು.

ಆದರೆ ದೂರಿಗೆ ಉತ್ತರವಾಗಿ ನಿಲ್ಲುವ ಒಂದು ನಿದರ್ಶನ ನಮ್ಮ ಪಕ್ಕದಲ್ಲೇ ಇದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಅಪ್ಪಣೆ ಬೇಡುತ್ತೇವೆ. ನಮ್ಮ ಯುವಕರಲ್ಲಿ ಎಷ್ಟೋ ಮಂದಿ ಅದರ ಹೆಸರನ್ನೇ ಕೇಳಿಲ್ಲ.

ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರು ತಮಗೆಲ್ಲ ಗೊತ್ತಿರುವ ಊರು. ಹಾಲು, ಹಿಪ್ಪುನೇರಳೆ, ರೇಷ್ಮೆಗೂಡು ಇವೇ ಅಲ್ಲಿಯ ಬದುಕು. ೧೯೬೫ರಲ್ಲಿ ಬೆಂಗಳೂರು ಡೇರಿ ಆರಂಭವಾದ ಮೇಲೆ ಈ ಸೀಮೆಯ ಹಾಲಿಗೆ ನಿಶ್ಚಿತವಾದ ಗಿರಾಕಿ ದೊರೆಯಿತು. ಎಂ. ವಿ. ಕೃಷ್ಣಪ್ಪನವರ ಪ್ರಯತ್ನದಿಂದ ಅಂದಿನ ಅವಿಭಜಿತ ಕೋಲಾರ ಜಿಲ್ಲೆಗೆ ಸೀಮೆಹಸುಗಳು ಬಂದುವು. ಬಾವಿ ಬತ್ತಿದರೂ ಹಸು ಮನೆ ಕಾಯುತ್ತದೆ ಎಂಬ ಧೈರ್ಯ ರೈತನಿಗೆ ಉಂಟಾಯಿತು. ಇತ್ತ ಬೆಂಗಳೂರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ೧೯೬೩ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಯೋವಾನ್ನರ ಸ್ಮರಣೆಗೆ ಅರ್ಪಿಸಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ತೆರೆದಿತ್ತು. ಹಳ್ಳಿಗಳಲ್ಲಿ, ವೈದ್ಯರೇ ಇಲ್ಲದ ಕಡೆಗಳಲ್ಲಿ ದುಡಿಯುವವರನ್ನು ತಯಾರು ಮಾಡಬೇಕೆಂಬುದು ಸ್ಥಾಪಕರ ಆಶಯ. ಆದರೆ ನಗರದ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತು ಹಳ್ಳಿಯ ವೈದ್ಯನಾಗುವುದು ಹೇಗೆ?

೧೯೭೩ರಲ್ಲಿ ಈ ಎರಡು ಅಗತ್ಯಗಳು ಒಂದನ್ನೊಂದು ಸಂಧಿಸಿದುವು. ಮಳ್ಳೂರಿನ ಹಾಲಿನ ಸಹಕಾರ ಸಂಘವೂ ವೈದ್ಯಕೀಯ ಕಾಲೇಜೂ ಕೂಡಿ ಆರೋಗ್ಯ ಸಹಕಾರವೊಂದನ್ನು ಕಟ್ಟಿದುವು. ಏರ್ಪಾಟು ಸರಳವಾದದ್ದು. ಸಂಘಕ್ಕೆ ಹಾಕುವ ಪ್ರತಿ ಲೀಟರು ಹಾಲಿನ ಹಣದಲ್ಲಿ ಕೆಲವು ಪೈಸೆಗಳನ್ನು ಆರೋಗ್ಯಕ್ಕೆಂದು ಎತ್ತಿಡುವುದು. ಆ ಹಣದಿಂದ ಊರಿನಲ್ಲಿ ವೈದ್ಯಕೀಯ ಸೇವೆ ನಡೆಸುವುದು. ಕಾಲೇಜು ತನ್ನ ವೈದ್ಯರನ್ನೂ ತರಬೇತಿಯಲ್ಲಿರುವ ಕಿರಿಯರನ್ನೂ ಕಳುಹಿಸುವುದು. ಆ ಕಾಲದಲ್ಲಿ ದೇಶದ ಆರೋಗ್ಯ ಚಿಂತಕರು ಮಳ್ಳೂರಿನ ಹೆಸರನ್ನು ಎತ್ತಿ ಹೇಳುತ್ತಿದ್ದರು. ಸೇಂಟ್ ಜಾನ್ಸ್‌ನ ಸಮುದಾಯ ಆರೋಗ್ಯ ವಿಭಾಗದಲ್ಲಿದ್ದ ಡಾ. ರವಿ ನಾರಾಯಣ್, ಡಾ. ಥೆಲ್ಮಾ ನಾರಾಯಣ್ ದಂಪತಿಗಳು ಮುಂದೆ ೧೯೮೪ರಲ್ಲಿ ಬೆಂಗಳೂರಿನಲ್ಲಿ ಸಮುದಾಯ ಆರೋಗ್ಯ ಕೇಂದ್ರವೊಂದನ್ನು ಕಟ್ಟಿ ಬೆಳೆಸಿದರು.

ಇದರಲ್ಲಿ ನಮ್ಮ ಮನಸ್ಸಿಗೆ ಹಿಡಿಸುವುದು ಔಷಧಕ್ಕಿಂತಲೂ ಆ ಕೆಲವು ಪೈಸೆಗಳು. ಧರ್ಮಾರ್ಥವಾಗಿ ಬಂದ ವೈದ್ಯನಿಗೆ ನಾವು ಕೈಮುಗಿಯುತ್ತೇವೆ, ಪ್ರಶ್ನೆ ಕೇಳುವುದಿಲ್ಲ. ನಮ್ಮ ಹಾಲಿನ ಹಣದಿಂದ ಬಂದ ವೈದ್ಯನನ್ನು, "ಸ್ವಾಮಿ, ನಿನ್ನೆ ಏಕೆ ಬರಲಿಲ್ಲ?" ಎಂದು ಕೇಳಬಹುದು. ಕಲಿಯಲು ಬಂದ ತರುಣನೂ ತಾನು ದಾನ ಮಾಡಲು ಬಂದವನಲ್ಲ, ಒಂದು ಊರಿಗೆ ಉತ್ತರ ಹೇಳಬೇಕಾದವನು ಎಂದು ಅರಿಯುತ್ತಾನೆ. ಯಾವ ಪಠ್ಯಪುಸ್ತಕವೂ ಈ ಪಾಠವನ್ನು ಕಲಿಸಲಾರದು.

ಮೆಚ್ಚಿಕೆಯಷ್ಟನ್ನೇ ಹೇಳಿ ಕುಳಿತುಬಿಡುವುದು ಸುಲಭ. ಆದರೆ ಆ ಏರ್ಪಾಟಿನ ಜೊತೆಗೇ ಒಂದು ಕಷ್ಟವಾದ ಪ್ರಶ್ನೆಯೂ ಹುಟ್ಟುತ್ತದೆ. ಹಾಲಿನ ಹಣದಿಂದ ನಡೆಯುವ ಆರೋಗ್ಯದಲ್ಲಿ ಹಸುವಿಲ್ಲದ ಮನೆಯ ಪಾಲೆಷ್ಟು? ಒಂದು ಗುಂಟೆ ಜಮೀನಿಲ್ಲದ, ಮೇವು ಬೆಳೆಯಲಾರದ, ಕೂಲಿಯೇ ಗತಿಯಾದ ಸಂಸಾರ ಸಂಘದ ಸದಸ್ಯನಲ್ಲ. ಆದರೆ ಕಾಯಿಲೆ ಬೀಳುವುದರಲ್ಲಿ ಅವನದೇ ಮೊದಲ ಸರದಿ. ಹಾಲು ಕಡಮೆಯಾದ ವರ್ಷ ಔಷಧವೂ ಕಡಮೆಯಾಗಬೇಕೆ? ಮಳ್ಳೂರಿನವರನ್ನು ಆಕ್ಷೇಪಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಐವತ್ತು ವರ್ಷಗಳ ಹಿಂದೆ ಅವರು ಕೈಹಾಕಿದ ಕೆಲಸಕ್ಕೆ ನಾವು ಇಂದಿಗೂ ಧೈರ್ಯ ಮಾಡಿಲ್ಲ. ಆದರೆ ವಿಶ್ವವಿದ್ಯಾನಿಲಯ ಊರಿಗೆ ಬಂದಾಗಲೆಲ್ಲ ಅದು ಯಾರ ಮನೆಗೆ ಬಂದಿತು ಎಂಬುದನ್ನು ಗಮನಿಸುವ ಅಭ್ಯಾಸ ನಮಗೆ ಆಗಬೇಕು.

ಕೃಷಿಯ ವಿಷಯದಲ್ಲಿಯೂ ಇದೇ ಮಾತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ೧೯೬೪ರಲ್ಲಿ ಹುಟ್ಟಿತು. ವಿಸ್ತರಣೆ ಅದಕ್ಕೆ ಅಂಟಿಸಿದ ಬಾಲವಲ್ಲ, ಹುಟ್ಟಿನಿಂದ ಬಂದ ಅಂಗ. ರಾಗಿ ತಿನ್ನುವ ನಾವು ಅದಕ್ಕೆ ಎಷ್ಟು ಋಣಿಗಳೆಂಬುದನ್ನು ಮರೆಯಬಾರದು. 'ರಾಗಿ ಲಕ್ಷ್ಮಣಯ್ಯ'ನವರೆಂದೇ ಹೆಸರಾದ ತಳಿ ವಿಜ್ಞಾನಿಗಳು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಹೆಸರಿನಲ್ಲಿಯೇ ಎರಡು ಖಂಡಗಳು ಸೇರಿವೆ. ಬಳಿಕ ಬೆಂಕಿರೋಗವನ್ನು ತಡೆಯುವ ಜಿಪಿಯು ೨೮ ಬಂದಿತು. ಇದರ ಹೆಸರು ಓದು ಬಾರದ ರೈತನ ಬಾಯಲ್ಲಿಯೂ ಇದೆ. ಅಕ್ಕಡಿ ಸಾಲಿನಲ್ಲಿ ಅವರೆ ಬಿತ್ತುವ ಜಾಣತನ ಮಾತ್ರ ನಮ್ಮ ಹಿರಿಯರದು. ಅದನ್ನು ಅವರು ಯಾವ ಕಾಲೇಜಿನಲ್ಲಿಯೂ ಕಲಿಯಲಿಲ್ಲ. ಚಿಂತಾಮಣಿಯ ಬಳಿಯ ಕುರುಬೂರಿನಲ್ಲಿ ಅದೇ ವಿಶ್ವವಿದ್ಯಾನಿಲಯದ ಕಾಲೇಜೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಕೊನೆಯ ವರ್ಷದ ಕೃಷಿ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿಯೇ ವಾಸವಾಗಿರಬೇಕೆಂಬ ನಿಯಮವಿದೆ. ಅವರು ಬಂದು ಊರಿನ ನಡುಬೀದಿಯಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯುತ್ತಾರೆ. ಕೆರೆಗೆ ನೀಲಿ, ಹೊಲಕ್ಕೆ ಹಸುರು. ಊರಿನವರು ಸುತ್ತ ನಿಂತು, "ಆ ಬಾವಿ ಅಲ್ಲಲ್ಲಪ್ಪ, ಈ ಕಡೆ" ಎಂದು ತಿದ್ದುತ್ತಾರೆ. ಅದೊಂದು ಗಳಿಗೆಯಲ್ಲಿ ಮೇಷ್ಟರು ಯಾರು, ಶಿಷ್ಯರು ಯಾರು ಎಂದು ಹೇಳುವುದು ಕಷ್ಟ. ಆ ನಕ್ಷೆ ಮಳೆಗೆ ತೊಳೆದುಹೋಗುವ ಮುನ್ನ ಅದನ್ನು ಯಾರಾದರೂ ಪುಸ್ತಕದಲ್ಲಿ ನಕಲು ಮಾಡಿ ಪಂಚಾಯಿತಿಯಲ್ಲಿ ಇಡಬಾರದೆ?

ಆದರೆ ಬೀಜ ಜಮೀನಿದ್ದವನಿಗೆ ತಾನೆ ಬೇಕು? ಹೊಸ ಹಿಪ್ಪುನೇರಳೆ ಕಡ್ಡಿ ತೋಟವಿದ್ದವನಿಗೆ ತಾನೆ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ಬೇಯುವ ಗೂಡಿನ ನೀರಿಗೆ ಕೈಯಿಟ್ಟು ನೂಲು ಬಿಚ್ಚುವ ಹೆಂಗಸರಿದ್ದಾರೆ. ಅವರ ಬೆರಳುಗಳನ್ನು ಒಮ್ಮೆ ನೋಡಿದರೆ ರೇಷ್ಮೆಯ ಹೊಳಪು ಮಂಕಾಗಿ ಕಾಣುತ್ತದೆ. ಹುಳುವಿನ ರೋಗಕ್ಕೆ ನಡೆದಷ್ಟು ಸಂಶೋಧನೆ ಅವರ ಚರ್ಮದ ರೋಗಕ್ಕೂ ಕೆಮ್ಮಿಗೂ ನಡೆದಂತೆ ನಮಗೆ ಕಾಣುವುದಿಲ್ಲ. ಅವರು ನಮ್ಮ ಧರ್ಮಕೇಂದ್ರದವರಲ್ಲ, ಬಹುಮಂದಿ ಮುಸಲ್ಮಾನ ಸಹೋದರಿಯರು. ಅದರಿಂದ ಪ್ರಶ್ನೆ ನಮ್ಮದಲ್ಲವೆಂದು ಹೇಳಲಾದೀತೆ?

ಕುಣಿಗಲ್ ತಾಲ್ಲೂಕಿನಿಂದ ಇನ್ನೊಂದು ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ೧೯೭೪ರಲ್ಲಿ 'ಅಸ್ತ್ರ' ಎಂಬ ವಿಭಾಗವನ್ನು ಕಟ್ಟಿ, ಉಂಗ್ರ ಗ್ರಾಮದಲ್ಲಿ ಕೇಂದ್ರ ತೆರೆದು, ಹೊಗೆ ಕಡಮೆಯಾದ ಅಸ್ತ್ರ ಒಲೆಯನ್ನೂ ಮಣ್ಣಿನ ಇಟ್ಟಿಗೆಯನ್ನೂ ರೂಪಿಸಿದರು. ಪುರ ಎಂಬ ಚಿಕ್ಕ ಊರಿನಲ್ಲಿ ಸಗಣಿ ಅನಿಲದಿಂದ ಎಲ್ಲ ಮನೆಗಳಿಗೂ ಅಡಿಗೆಯ ಉರಿ ಒದಗಿಸುವುದು ಅವರ ಮೊದಲ ಯೋಚನೆ. ಸಗಣಿ ಸಾಲಲಿಲ್ಲ, ಯೋಚನೆ ಫಲಿಸಲಿಲ್ಲ. ದೊಡ್ಡ ವಿಜ್ಞಾನಿಗಳು ಅದನ್ನು ಮುಚ್ಚಿಡಲಿಲ್ಲ. ಊರಿನವರೊಡನೆ ಮತ್ತೆ ಕುಳಿತು, ೧೯೮೭ರಿಂದ ಅದೇ ಅನಿಲದಿಂದ ವಿದ್ಯುತ್ತು ಹುಟ್ಟಿಸಿ ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ನೀರನ್ನೂ ಒದಗಿಸಿದರು. ಸೋತ ಮೇಲೆ ಮರಳಿ ಬಂದರು ಎಂಬ ಒಂದೇ ಕಾರಣಕ್ಕೆ ಅವರಿಗೆ ನಮ್ಮ ನಮಸ್ಕಾರ.

ನೀರಿನ ಮಾತಿಗೆ ಬಂದೆವು. ಪಾಲಾರ್ ನದಿ ಹುಟ್ಟುವುದು ಇದೇ ಚಿಂತಾಮಣಿ ತಾಲ್ಲೂಕಿನ ತಳಗವಾರದ ಬಳಿ. ನದಿಯ ತವರಿನವರು ನಾವು, ಕುಡಿಯುವ ನೀರಿಗೆ ಸಾವಿರ ಅಡಿ ಮೀರಿ ಕಲ್ಲು ಕೊರೆಯುತ್ತಿದ್ದೇವೆ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮೀರಿದ ಕೆರೆಗಳಿದ್ದುವೆಂದು ಹೇಳಿದರೆ ಮಕ್ಕಳು ನಂಬುವುದಿಲ್ಲ. ಈಚೆಗೆ, ೨೦೧೮ರಿಂದ, ಬೆಂಗಳೂರಿನ ಬಳಸಿದ ನೀರನ್ನು ಎರಡು ಹಂತ ಶುದ್ಧಿಮಾಡಿ ಕೆ. ಸಿ. ವ್ಯಾಲಿ, ಎಚ್. ಎನ್. ವ್ಯಾಲಿ ಯೋಜನೆಗಳ ಮೂಲಕ ಈ ಸೀಮೆಯ ಕೆರೆಗಳಿಗೆ ಹರಿಸಲು ತೊಡಗಿದರು. ಬತ್ತಿದ್ದ ಬಾವಿಗಳಲ್ಲಿ ನೀರು ಏರಿತೆಂದು ಸಂತೋಷಪಡುವವರೂ ಇದ್ದಾರೆ. ಮೂರನೆಯ ಹಂತದ ಶುದ್ಧೀಕರಣವಾಗಲೇಬೇಕೆಂದು ಹೋರಾಡುವ ರೈತರೂ ಇದ್ದಾರೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಆದರೆ ನೀರನ್ನು ಅಳೆದು ನೋಡದೆ ವಾದಿಸುವುದರಿಂದ ಯಾರಿಗೇನು ಲಾಭ?

ಅಜ್ಜಿಯ ಪ್ರಶ್ನೆಗೆ ಉತ್ತರವೂ ಅಳತೆಯಲ್ಲಿಯೇ ಇದೆ. ನಮ್ಮ ಕಡೆಯ ಕಗ್ಗಲ್ಲಿನ ಆಳದ ನೀರಿನಲ್ಲಿ ಫ್ಲೋರೈಡ್ ಎಂಬ ಲವಣವಿರುತ್ತದೆ. ಲೀಟರಿಗೆ ೧.೫ ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕುದಲ್ಲ. ಹಲ್ಲು ಮೂಡುವ ಎಳೆ ವಯಸ್ಸಿನಲ್ಲಿ ಅಂಥ ನೀರು ಕುಡಿದ ಮಗುವಿನ ಹಲ್ಲಿನ ಮೇಲೆ ಕಲೆ ಬೀಳುತ್ತದೆ; ಹಲವು ವರ್ಷ ಹೆಚ್ಚಾಗಿ ಕುಡಿದವರ ಕೀಲುಗಳು ಬಿಗಿಯುತ್ತವೆ. ಇದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಶುದ್ಧ ನೀರಿನ ಘಟಕ ಸರಿಯಾಗಿ ಕೆಲಸ ಮಾಡುತ್ತಿದ್ದರೆ ತೆಗೆಯುತ್ತದೆ. ಮಾಳಿಗೆಯ ಮೇಲೆ ಬಿದ್ದ ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಮೆ. ಹುಡುಗನ ಹಲ್ಲು ವಂಶದ ದೋಷವಲ್ಲ, ಶಾಪವಂತೂ ಅಲ್ಲ ಎಂದು ಹೇಳಲು ಒಂದು ಶೀಸೆ ನೀರೂ ಒಂದು ಪ್ರಯೋಗಶಾಲೆಯೂ ಸಾಕಾಗಿತ್ತು.

ಇನ್ನು ಭಾಷೆ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು. ಎರಡು ಕಡೆ ಹೊಸ್ತಿಲು ದಾಟುವಾಗಲೂ ಎಡವುವವರು ಕೂಲಿಯವರ ಮಕ್ಕಳೇ. ಇದೇ ಹೊಸ್ತಿಲುಗಳನ್ನು ದಾಟಿದವರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಓದುವ ಆಸೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರು. ೧೯೭೦ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಗೌರಿಬಿದನೂರು, ಬಾಗೇಪಲ್ಲಿಗಳಂಥ ಬರದ ಸೀಮೆಗೆ ನ್ಯಾಷನಲ್ ಕಾಲೇಜುಗಳನ್ನು ತಂದರು. ಪವಾಡಗಳನ್ನು ಪ್ರಶ್ನಿಸಿದ ಅವರನ್ನು ನಮ್ಮ ಗುರುಗಳು ಒಪ್ಪುತ್ತಿದ್ದರೋ ಇಲ್ಲವೋ! ಆದರೆ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ ಖಾದಿಯುಟ್ಟು ಬ್ರಹ್ಮಚಾರಿಯಾಗಿ ಬದುಕು ಕಳೆದ ಆ ಹಿರಿಯರ ಜೀವನದಲ್ಲಿ ಸನ್ಯಾಸದ ವ್ರತಕ್ಕೆ ಕಡಮೆಯಾದುದೇನೂ ಇರಲಿಲ್ಲ. ಮಗು ನಡೆದು ಬೆಂಗಳೂರಿಗೆ ಹೋಗಬೇಕಾದ ಅಗತ್ಯವಿಲ್ಲದಂತೆ ಕಾಲೇಜೇ ಊರಿಗೆ ನಡೆದು ಬರಲಿ ಎಂದು ಅವರು ದುಡಿದರು.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಧರ್ಮಭಗಿನಿಯರ ಶ್ರಮದಿಂದಲೂ ಗುರುಗಳ ಶಿಫಾರಸಿನಿಂದಲೂ ನಮ್ಮ ಎಷ್ಟೋ ಮಕ್ಕಳು ಬೆಂಗಳೂರಿನಲ್ಲಿ ಓದಿ ಪದವೀಧರರಾದರು. ಅವರು ವರ್ಷಕ್ಕೊಮ್ಮೆ ತೇರಿನ ಹಬ್ಬಕ್ಕೆ ಬಂದು ಹೋಗುತ್ತಾರೆ. ನಾವೂ ಅವರಿಂದ ಕಾಣಿಕೆಯ ಹೊರತು ಬೇರೆ ಏನನ್ನೂ ಕೇಳಲಿಲ್ಲ. ದೇವಾಲಯದ ಪಕ್ಕದ ಹಳೆಯ ಶಾಲೆಯ ಕೊಠಡಿಗೆ ಬೀಗ ಬಿದ್ದು ವರ್ಷಗಳಾದುವು. ಕೆಳಬೀದಿಯ ಹೆಣ್ಣುಮಕ್ಕಳು ಬೀದಿದೀಪದ ಕೆಳಗೆ ಕುಳಿತು ಓದುವುದನ್ನು ಕಂಡೂ ನಾವು ಆ ಬೀಗದ ಕೈಯನ್ನು ಹುಡುಕಲಿಲ್ಲ. ಕಾಲೇಜಿನವರು ಬಂದು ಹೋದರು, ಮತ್ತೆ ಬರಲಿಲ್ಲ ಎಂದು ದೂರುವ ಬಾಯಿಗೆ ಇದೂ ನೆನಪಿರಬೇಕು.

ಇಂದು ಸಂಜೆ ಪಾಲನಾ ಸಮಿತಿಯ ಮುಂದೆ ಆ ಕೊಠಡಿಯ ವಿಷಯ ಬರಲಿದೆ. ಅದನ್ನು ಮದುವೆ ನಿಶ್ಚಿತಾರ್ಥಗಳಿಗೆ ಬಾಡಿಗೆಗೆ ಕೊಟ್ಟರೆ ದೇವಾಲಯದ ಖರ್ಚಿಗೆ ಒದಗುತ್ತದೆ ಎಂಬುದು ಕೆಲವರ ಅಭಿಪ್ರಾಯ. ಅವರ ಲೆಕ್ಕ ತಪ್ಪಲ್ಲ. ಆದರೂ ಅದನ್ನು ಸಂಜೆಯ ಓದುಮನೆಯಾಗಿ, ಜಾತಿ ಮತ ಕೇಳದೆ ಊರಿನ ಎಲ್ಲ ಮಕ್ಕಳಿಗೂ ತೆರೆಯಬೇಕೆಂದು ನಾವು ಬೇಡುತ್ತೇವೆ. ನಮ್ಮ ಪದವೀಧರರು ತಿಂಗಳಿಗೊಂದು ಶನಿವಾರ ಬಂದು ಕುಳಿತರೆ ಸಾಕು. ಯಾವ ಕಾಲೇಜು ಮುಂದೆ ನಮ್ಮ ಊರಿಗೆ ಬಂದರೂ ಅದೇ ಕೊಠಡಿಯಲ್ಲಿ ಕೂರಿಸಿ, ಮೂರು ವರ್ಷ ಬಿಡದೆ ಬರುವಿರಾ, ಬರೆದುಕೊಂಡದ್ದನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ನಮಗೆ ಓದಿ ಹೇಳುವಿರಾ ಎಂದು ಮೊದಲೇ ಕೇಳೋಣ. ಹಸುವಿಲ್ಲದ ಮನೆಗಳಿಂದ ಆರಂಭಿಸುವಂತೆಯೂ ಹೇಳೋಣ. ಊಟದ ಖರ್ಚನ್ನು ಊರೇ ಹೊರಲಿ. ಮಳ್ಳೂರಿನವರು ಹಾಲಿನಲ್ಲಿ ಎತ್ತಿಟ್ಟರು, ನಾವು ಹಿಡಿ ರಾಗಿಯಲ್ಲಿ ಎತ್ತಿಡಬಹುದು.

ಸಮಿತಿಯ ತೀರ್ಮಾನ ಏನೇ ಆಗಲಿ, ಒಂದು ಕೆಲಸಕ್ಕೆ ಅದರ ಅಪ್ಪಣೆ ಬೇಕಿಲ್ಲ. ಬರುವ ಭಾನುವಾರ ಪೂಜೆಗೆ ಬರುವಾಗ ಪ್ರತಿ ಮನೆಯವರೂ ತಾವು ಕುಡಿಯುವ ನೀರನ್ನು ಅರ್ಧ ಲೀಟರಿನಷ್ಟು ಪ್ಲಾಸ್ಟಿಕ್ ಶೀಸೆಯಲ್ಲಿ ತರಬೇಕು. ಶೀಸೆಯನ್ನು ಮೊದಲು ಅದೇ ನೀರಿನಿಂದ ಎರಡು ಮೂರು ಸಲ ತೊಳೆದಿರಬೇಕು. ಮೇಲೆ ಬಾವಿಯ ಹೆಸರು, ಆಳ, ತುಂಬಿದ ದಿನಾಂಕ ಬರೆದಿರಲಿ. ಬರೆಯ ಬಾರದವರಿಗೆ ಬರೆದುಕೊಡಲು ಇಬ್ಬರು ಹುಡುಗಿಯರು ಬಾಗಿಲ ಬಳಿ ಕುಳಿತಿರುತ್ತಾರೆ. ಅಜ್ಜಿಯ ಮನೆಯ ಶೀಸೆಯನ್ನು ಅವಳ ಮೊಮ್ಮಗನೇ ತರುವುದಾಗಿ ಒಪ್ಪಿದ್ದಾನೆ.